ಸೇವೆ ಮಾಡಿದವರ ಹೆಸರು ಓದಬೇಕೇ, ಬೇಡವೇ? ದೀನತೆಯ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ಸಭೆಯ ಸಮಿತಿಯ ಸದಸ್ಯರೊಬ್ಬರಿಂದ

ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರೇ, ನಿಮ್ಮೆಲ್ಲರಿಗೂ ವಂದನೆಗಳು.

ನಮ್ಮ ಸಭೆಯ ಸಮಿತಿಯಲ್ಲಿ ಎದ್ದಿರುವ ಒಂದು ಪ್ರಶ್ನೆಗೆ ದೇವರ ವಾಕ್ಯದ ಬೆಳಕಿನಲ್ಲಿ ಉತ್ತರ ಹುಡುಕುತ್ತಿದ್ದೇನೆ. ವರ್ಷವಿಡೀ ರೋಗಿಗಳನ್ನು ಭೇಟಿ ಮಾಡಿದವರು, ಮಕ್ಕಳಿಗೆ ಪಾಠ ಹೇಳಿದವರು, ನಡೆಯಲಾರದ ಹಿರಿಯರನ್ನು ಆರಾಧನೆಗೆ ಕರೆತಂದವರು, ಎಲ್ಲರೂ ಮನೆಗೆ ಹೋದ ಮೇಲೆ ಉಳಿದು ಕಸ ಗುಡಿಸಿದವರು, ಹೀಗೆ ಸೇವೆ ಮಾಡಿದ ಪ್ರತಿಯೊಬ್ಬರ ಹೆಸರನ್ನೂ ವರ್ಷದ ಕೊನೆಯ ಆರಾಧನೆಯಲ್ಲಿ ಓದಿ ಕೃತಜ್ಞತೆ ಹೇಳಬೇಕೆಂದು ಕೆಲವರು ಸೂಚಿಸಿದ್ದಾರೆ. ಬೇರೆ ಕೆಲವರು ಇದನ್ನು ಬಲವಾಗಿ ವಿರೋಧಿಸುತ್ತಾರೆ. ಬಲಗೈ ಮಾಡುವುದು ಎಡಗೈಗೆ ತಿಳಿಯಬಾರದೆಂದು ಕರ್ತನೇ ಹೇಳಿರುವಾಗ (ಮತ್ತಾಯ 6:3) ನಾವು ಎಲ್ಲರೆದುರು ಹೆಸರು ಓದಿದರೆ, ತಂದೆಯಿಂದ ಅವರಿಗೆ ದೊರೆಯಬೇಕಾದ ಪ್ರತಿಫಲಕ್ಕೆ ನಾವೇ ಅಡ್ಡ ಬಂದಂತಾಗುತ್ತದೆ ಎಂಬುದು ಅವರ ಆತಂಕ.

ಎರಡೂ ಕಡೆಯವರು ಪ್ರಾಮಾಣಿಕವಾಗಿಯೇ ಮಾತನಾಡುತ್ತಿದ್ದಾರೆ, ಎರಡೂ ಕಡೆಯವರ ಕೈಯಲ್ಲಿ ವಚನಗಳಿವೆ. ಆದುದರಿಂದಲೇ ನನಗೆ ತೀರ್ಮಾನಿಸಲು ಕಷ್ಟವಾಗುತ್ತಿದೆ. ಅದೇ ಪರ್ವತ ಪ್ರಸಂಗದಲ್ಲಿ, ಒಂದು ಅಧ್ಯಾಯದಷ್ಟು ಹಿಂದೆ, ಜನರು ನಿಮ್ಮ ಒಳ್ಳೆಯ ಕ್ರಿಯೆಗಳನ್ನು ನೋಡುವಂತೆ ನಿಮ್ಮ ಬೆಳಕು ಅವರ ಮುಂದೆ ಪ್ರಕಾಶಿಸಲಿ ಎಂದೂ ಯೇಸು ಹೇಳಿದ್ದಾನೆ (ಮತ್ತಾಯ 5:16). ಒಂದೇ ಉಪದೇಶದಲ್ಲಿ ನೋಡಲಿ ಎಂಬ ಮಾತೂ ತೋರಿಸಬೇಡಿ ಎಂಬ ಮಾತೂ ಇರುವುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಇದರೊಡನೆ ಇನ್ನೊಂದು ಪ್ರಶ್ನೆಯೂ ಇದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯವಾದದ್ದು. ಹೆಸರಿನ ಆಸೆಯಿಲ್ಲದೆ ಮನಃಪೂರ್ವಕವಾಗಿ ಸೇವೆ ಮಾಡುವವರಿಗೂ, ತಮ್ಮನ್ನು ಎಲ್ಲರೂ ಸಂಪೂರ್ಣವಾಗಿ ಮರೆತಾಗ ನೋವಾಗುತ್ತದೆ. ಆ ನೋವು ಅವರ ದೀನತೆ ನಿಜವಲ್ಲವೆಂಬುದಕ್ಕೆ ಗುರುತೇ? ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1: ಸಂಡೇ ಸ್ಕೂಲ್ ಶಿಕ್ಷಕಿ

ಸಹೋದರರೇ, ನೀವು ಎತ್ತಿರುವ ಎರಡು ವಚನಗಳ ಪ್ರಶ್ನೆ ಸಭೆಯಷ್ಟೇ ಹಳೆಯದು. ನಾಲ್ಕನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ರಾಚೀನ ಸಭೆಯ ಬೋಧಕನಾದ ಅಗಸ್ಟೀನನು ಪರ್ವತ ಪ್ರಸಂಗಕ್ಕೆ ವ್ಯಾಖ್ಯಾನ ಬರೆದಾಗ ಇದೇ ಎರಡು ಮಾತುಗಳನ್ನು ಎದುರುಬದುರಾಗಿ ಇಟ್ಟು ನೋಡಿದನು. ವಚನಗಳನ್ನು ಕೊನೆಯವರೆಗೆ ಓದಬೇಕೆಂಬುದು ಅವನ ಉತ್ತರದ ಸಾರ. ಐದನೆಯ ಅಧ್ಯಾಯದ ವಚನವು ಜನರು ನೋಡಲಿ ಎಂಬಲ್ಲಿಗೆ ನಿಲ್ಲದೆ, ನೋಡಿ ಪರಲೋಕದಲ್ಲಿರುವ ನಿಮ್ಮ ತಂದೆಯನ್ನು ಕೊಂಡಾಡಲಿ ಎಂಬಲ್ಲಿಗೆ ಹೋಗಿ ಮುಗಿಯುತ್ತದೆ. ಆರನೆಯ ಅಧ್ಯಾಯದ ಮೊದಲ ವಚನವಾದರೋ ಜನರು ನೋಡಬೇಕೆಂಬುದನ್ನೇ ಗುರಿಯಾಗಿ ಇಟ್ಟುಕೊಂಡು ಮಾಡುವ ಧರ್ಮಕಾರ್ಯದ ಬಗ್ಗೆ ಎಚ್ಚರಿಸುತ್ತದೆ. ನೋಟ ಎರಡು ಕಡೆಯೂ ಇದೆ. ಆ ನೋಟವು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ.

ಆರನೆಯ ಅಧ್ಯಾಯದಲ್ಲಿ ಯೇಸು ದಾನ, ಪ್ರಾರ್ಥನೆ, ಉಪವಾಸ ಎಂಬ ಮೂರನ್ನು ಒಂದರ ಹಿಂದೆ ಒಂದರಂತೆ ತೆಗೆದುಕೊಂಡು, ಜನರ ಕಣ್ಣಿಗಾಗಿ ಮಾಡುವವರಿಗೆ ಸಿಗಬೇಕಾದ ಪ್ರತಿಫಲ ಆಗಲೇ ಸಿಕ್ಕಿಹೋಗಿದೆ ಎಂದು ಮೂರು ಸಲವೂ ಹೇಳುತ್ತಾನೆ. ಆದರೆ ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸಿರಿ ಎಂದವನೇ ಲಾಜರನ ಸಮಾಧಿಯ ಮುಂದೆ ಸುತ್ತ ನಿಂತ ಜನರು ಕೇಳುವಂತೆ ಪ್ರಾರ್ಥಿಸಿದನು, ಮಾತ್ರವಲ್ಲ, ಆ ಜನರ ನಿಮಿತ್ತವೇ ಹಾಗೆ ಮಾತನಾಡಿದೆನೆಂದು ತಂದೆಗೆ ಹೇಳಿಕೊಂಡನು (ಯೋಹಾನ 11:41-42). ಆದಕಾರಣ ಮುಚ್ಚಿದ ಬಾಗಿಲಿಗೆ ತನ್ನಷ್ಟಕ್ಕೆ ಯಾವ ಪುಣ್ಯವೂ ಇಲ್ಲವೆಂದು ನಾನು ತಿಳಿಯುತ್ತೇನೆ. ಮರೆಯಲ್ಲಿ ಮಾಡಿದ್ದೆಲ್ಲವೂ ದೀನತೆಯಲ್ಲ, ಬೆಳಕಿನಲ್ಲಿ ನಡೆದದ್ದೆಲ್ಲವೂ ಪ್ರದರ್ಶನವಲ್ಲ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ನನಗೆ ಮತ್ತಾಯ 25ನೆಯ ಅಧ್ಯಾಯದ ನ್ಯಾಯತೀರ್ಪಿನ ದೃಶ್ಯದಷ್ಟು ಸಹಾಯ ಮಾಡಿದ ಭಾಗ ಮತ್ತೊಂದಿಲ್ಲ. ಹಸಿದವನಿಗೆ ಊಟ ಕೊಟ್ಟಿರಿ, ಸೆರೆಯಲ್ಲಿದ್ದವನನ್ನು ನೋಡಲು ಬಂದಿರಿ ಎಂದು ಅರಸನು ಹೇಳಿದಾಗ ನೀತಿವಂತರು ಬೆರಗಾಗಿ, ನಿನ್ನನ್ನು ಅಂಥ ಸ್ಥಿತಿಯಲ್ಲಿ ನಾವು ಯಾವಾಗ ಕಂಡೆವು ಎಂದು ಕೇಳುತ್ತಾರೆ. ಅವರು ವಿನಯಕ್ಕಾಗಿ ಹಾಗೆ ನಟಿಸುತ್ತಿಲ್ಲ, ಅವರಿಗೆ ನಿಜವಾಗಿಯೂ ಲೆಕ್ಕವಿಲ್ಲ. ಹಸಿದವನನ್ನು ನೋಡುವಾಗ ಅವರ ಕಣ್ಣು ಹಸಿದವನ ಮೇಲೆಯೇ ಇತ್ತು, ತಮ್ಮ ಮೇಲೆ ಇರಲಿಲ್ಲ. ಇದನ್ನು ಅದೇ ಸುವಾರ್ತೆಯ 7:22ರ ಜೊತೆಗಿಟ್ಟು ಓದಿರಿ. ಅಲ್ಲಿ ಕರ್ತನ ಮುಂದೆ ನಿಂತವರು ನಿನ್ನ ಹೆಸರಿನಲ್ಲಿ ಪ್ರವಾದಿಸಿದೆವಲ್ಲವೇ, ದೆವ್ವಗಳನ್ನು ಬಿಡಿಸಿದೆವಲ್ಲವೇ ಎಂದು ತಾವು ಮಾಡಿದ್ದನ್ನೆಲ್ಲ ಎಣಿಸಿ ಹೇಳುತ್ತಾರೆ, ಅವರ ಲೆಕ್ಕದಲ್ಲಿ ಒಂದೂ ತಪ್ಪಿಹೋಗಿಲ್ಲ. ನಾನು ನಿಮ್ಮನ್ನು ಎಂದೂ ಅರಿತವನಲ್ಲ ಎಂದು ಕರ್ತನು ಅವರಿಗೆ ಕೊಡುವ ಉತ್ತರವನ್ನು ನಾವೆಲ್ಲರೂ ಬಲ್ಲೆವು.

ನಿಮ್ಮ ಎರಡನೆಯ ಪ್ರಶ್ನೆಗೆ ಯೆರೆಮೀಯನ ಗ್ರಂಥದ 45ನೆಯ ಅಧ್ಯಾಯವನ್ನು ಓದಿ ನೋಡಿ. ಐದೇ ವಚನಗಳ ಆ ಅಧ್ಯಾಯ ಇಡಿಯಾಗಿ ಬಾರೂಕನೆಂಬ ಒಬ್ಬ ಬರಹಗಾರನಿಗೆ ಮೀಸಲು. ಪ್ರವಾದಿ ಹೇಳಿದ್ದನ್ನು ಸುರುಳಿಯಲ್ಲಿ ಬರೆದವನು ಅವನು, ದೇವಾಲಯದಲ್ಲಿ ನಿಂತು ಓದಿದವನೂ ಅವನೇ; ಕೊನೆಗೆ ಅರಸ ಯೆಹೋಯಾಕೀಮನು ಆ ಸುರುಳಿಯನ್ನು ತುಂಡುತುಂಡಾಗಿ ಕತ್ತರಿಸಿ ಬೆಂಕಿಗೆ ಹಾಕಿದನು. ನರಳಿ ನರಳಿ ದಣಿದಿದ್ದೇನೆ, ನನಗೆ ವಿಶ್ರಾಂತಿಯೇ ಇಲ್ಲ ಎಂದು ಬಾರೂಕನು ಗೋಳಿಡುತ್ತಾನೆ. ನಿನಗಾಗಿ ಮಹಾಪದವಿಯನ್ನು ಹುಡುಕಬೇಡ ಎಂದು ದೇವರು ಅವನನ್ನು ತಿದ್ದುತ್ತಾನೆ, ನಿಜ. ಆದರೆ ತಿದ್ದುವ ಮುಂಚೆ ಅವನ ನರಳಾಟವನ್ನು ಅವನ ಮಾತಿನಲ್ಲಿಯೇ ಅವನಿಗೆ ತಿರುಗಿ ಹೇಳುತ್ತಾನೆ, ಕೇಳಿಸಿಕೊಂಡಿದ್ದೇನೆ ಎಂದು ತಿಳಿಸುವ ಹಾಗೆ. ಮತ್ತು ನೀನು ಎಲ್ಲಿಗೆ ಹೋದರೂ ನಿನ್ನ ಪ್ರಾಣ ಉಳಿಯುವುದು ಎಂಬ ವಾಗ್ದಾನವನ್ನೂ ಕೊಡುತ್ತಾನೆ. ಮರೆಯಲ್ಪಟ್ಟವನ ನೋವನ್ನು ದೇವರು ಪಾಪವೆಂದು ತಳ್ಳಿಬಿಟ್ಟಿಲ್ಲ. ಆ ನೋವು ಬೇಡಿಕೆಯಾಗಿ ಬೆಳೆಯದಂತೆ ನೋಡಿಕೊಂಡನು.

ಉತ್ತರ 2: ನಿವೃತ್ತ ಸಭಾಪಾಲಕರು

ಸಹೋದರಿಯವರು ಬರೆದದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಅದಕ್ಕೆ ಸಭೆಯ ಚರಿತ್ರೆಯಿಂದ ಕೆಲವು ಮಾತುಗಳನ್ನು ಸೇರಿಸಲು ಬಯಸುತ್ತೇನೆ, ಏಕೆಂದರೆ ಹೊಗಳಿಕೆಯ ಆಸೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹಿಂದಿನ ಕಾಲದ ಸನ್ಯಾಸಿಗಳಷ್ಟು ಆಳವಾಗಿ ನೋಡಿದವರು ಕಡಿಮೆ.

ಐಗುಪ್ತದ ಮರುಭೂಮಿಯಲ್ಲಿ ವಾಸವಾಗಿದ್ದು 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಎಂಬ ಸನ್ಯಾಸಿಯು ಮನುಷ್ಯನನ್ನು ಕೆಡಿಸುವ ಎಂಟು ದುರಾಲೋಚನೆಗಳನ್ನು ಹೆಸರಿಸಿದನು. ಅವುಗಳಲ್ಲಿ ಹೊಗಳಿಕೆಯ ಆಸೆ ಮತ್ತು ಗರ್ವ ಇವೆರಡನ್ನೂ ಬೇರೆಬೇರೆಯಾಗಿ ಎಣಿಸಿದನು. ಗರ್ವಿಗೆ ಬೇರೆ ಯಾರ ಅಗತ್ಯವೂ ಇಲ್ಲ. ಹೊಗಳಿಕೆಯನ್ನು ಬಯಸುವವನಿಗೆ ಯಾವಾಗಲೂ ನೋಡುವವರು ಬೇಕು. ಈ ಆಲೋಚನೆಯಿಂದ ತಪ್ಪಿಸಿಕೊಳ್ಳುವುದು ಬಹಳ ಕಷ್ಟ, ಅದನ್ನು ಓಡಿಸಲು ನೀನು ಮಾಡುವ ಪ್ರಯತ್ನವೇ ಇನ್ನೊಂದು ಹೊಗಳಿಕೆಯ ಆಸೆಗೆ ಆರಂಭವಾಗುತ್ತದೆ ಎಂದು ಅವನು ಎಚ್ಚರಿಸಿದ್ದಾನೆ. ಅವನ ಬೋಧನೆಯನ್ನು ಪಶ್ಚಿಮದ ಸಭೆಗಳಿಗೆ ತಂದ ಯೋಹಾನ ಕಾಸಿಯನ್, ಐದನೆಯ ಶತಮಾನದಲ್ಲಿ ಬರೆಯುತ್ತಾ, ಹಿರಿಯರು ಇದನ್ನು ಈರುಳ್ಳಿಗೆ ಹೋಲಿಸುತ್ತಿದ್ದರೆಂದು ಹೇಳುತ್ತಾನೆ: ಒಂದು ಸಿಪ್ಪೆ ಸುಲಿದರೆ ಅದರೊಳಗೆ ಇನ್ನೊಂದು ಸಿಪ್ಪೆ. ಒಳ್ಳೆಯ ಬಟ್ಟೆ ತೊಟ್ಟವನನ್ನು ಅದು ಬಟ್ಟೆಯ ಮೂಲಕ ಹಿಡಿಯುತ್ತದೆ, ಹರಕು ಬಟ್ಟೆ ತೊಟ್ಟವನನ್ನು ಆ ಹರಕಿನ ಮೂಲಕವೇ ಹಿಡಿಯುತ್ತದೆ. ಉಳಿದ ದುರ್ಗುಣಗಳು ಸೋತಾಗ ಕುಗ್ಗುತ್ತವೆ, ಇದೊಂದು ಮಾತ್ರ ನಾವು ಗೆದ್ದೆವು ಎನ್ನುವಲ್ಲಿಯೇ ತಲೆಯೆತ್ತುತ್ತದೆ.

ಈ ಕಾರಣದಿಂದ, ನಿಮ್ಮ ಸಮಿತಿಯಲ್ಲಿ ಹೆಸರು ಓದುವುದು ಬೇಡ ಎನ್ನುವವರಿಗೆ ನಾನೊಂದು ಮಾತು ಹೇಳಬೇಕು. ಹೆಸರು ಓದದೆ ಬಿಟ್ಟಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸಬೇಡಿ. ನನ್ನ ಹೆಸರು ಎಲ್ಲಿಯೂ ಬಾರದ ಹಾಗೆ ಕೆಲಸ ಮಾಡಿದೆನಲ್ಲ ಎಂಬ ತೃಪ್ತಿಯೂ ಹೊಗಳಿಕೆಯೇ, ಹೊಗಳುವವನು ಮತ್ತು ಹೊಗಳಿಸಿಕೊಳ್ಳುವವನು ಅಲ್ಲಿ ಒಬ್ಬನೇ ಆಗಿರುತ್ತಾನೆ ಅಷ್ಟೇ. ಹೆಸರು ಓದೋಣ ಎನ್ನುವವರು ಅಪೊಸ್ತಲರ ಕೃತ್ಯಗಳ ನಾಲ್ಕು ಮತ್ತು ಐದನೆಯ ಅಧ್ಯಾಯಗಳ ನಡುವಿನ ಗಡಿಯನ್ನು ನೋಡಲಿ. ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ ಬಾರ್ನಬನು ತನ್ನ ಹೊಲವನ್ನು ಮಾರಿ ಹಣವನ್ನು ಅಪೊಸ್ತಲರ ಪಾದಗಳ ಬಳಿ ಇಟ್ಟದ್ದನ್ನು ಅವನ ಹೆಸರು ಹೇಳಿಯೇ ಲೂಕನು ಬರೆಯುತ್ತಾನೆ. ಮರುವಚನದಲ್ಲಿಯೇ ಅನನೀಯ ಮತ್ತು ಸಪ್ಫೈರ ಬರುತ್ತಾರೆ. ಅವರು ಹೊಲವನ್ನು ಮಾರಲೇಬೇಕೆಂದು ಯಾರೂ ಒತ್ತಾಯಿಸಿರಲಿಲ್ಲ, ಮಾರಿದ ಮೇಲೂ ಹಣ ಅವರ ಅಧೀನದಲ್ಲಿಯೇ ಇತ್ತು ಎಂದು ಪೇತ್ರನೇ ಹೇಳುತ್ತಾನೆ. ಕೊಡದೆ ಇದ್ದಿದ್ದರೆ ತಪ್ಪಾಗುತ್ತಿರಲಿಲ್ಲ. ಒಂದು ಭಾಗವನ್ನು ಕೊಟ್ಟು ಪೂರ್ತಿ ಕೊಟ್ಟವರೆಂಬ ಹೆಸರನ್ನು ಪಡೆಯಲು ಹೊರಟದ್ದೇ ಅವರಿಗೆ ಮರಣವಾಯಿತು. ಸಭೆಯಲ್ಲಿ ಒಬ್ಬರ ತ್ಯಾಗ ಎಲ್ಲರ ಕಣ್ಣಿಗೆ ಬಿದ್ದಾಗ ಅದನ್ನು ಅನುಕರಿಸುವವರು ಹುಟ್ಟಿಕೊಳ್ಳುತ್ತಾರೆ, ಎಲ್ಲ ಅನುಕರಣೆಯೂ ಒಳ್ಳೆಯದಲ್ಲ.

ಈ ಎರಡರ ನಡುವೆ ದಾರಿಯೆಲ್ಲಿ ಎಂದರೆ, ಆರನೆಯ ಶತಮಾನದಲ್ಲಿ ಬೆನೆಡಿಕ್ಟನು ತನ್ನ ಮಠದವರಿಗಾಗಿ ಬರೆದ ನಿಯಮಾವಳಿಯನ್ನು ನಾನು ಮತ್ತೆ ಮತ್ತೆ ತೆರೆದು ನೋಡುತ್ತೇನೆ. ಅದರ ಏಳನೆಯ ಅಧ್ಯಾಯದಲ್ಲಿ ದೀನತೆಯ 12 ಮೆಟ್ಟಿಲುಗಳಿವೆ, ಅವನ್ನು ಬಹಳ ಜನ ಬಲ್ಲರು. ನನಗೆ ಹೆಚ್ಚು ಪ್ರಿಯವಾದದ್ದು ಅಡುಗೆಮನೆಯ ಸರದಿಯ ಕುರಿತಾದ 35ನೆಯ ಅಧ್ಯಾಯ. ಕಾಯಿಲೆಯಿಂದ ಅಥವಾ ಮಠದ ಅತ್ಯಗತ್ಯ ಕೆಲಸದಿಂದ ಬಿಡುವಿಲ್ಲದವರನ್ನು ಬಿಟ್ಟರೆ ಉಳಿದೆಲ್ಲರೂ ವಾರಕ್ಕೊಬ್ಬರಂತೆ ಅಡುಗೆಮನೆಯ ಸೇವೆ ಮಾಡಬೇಕು. ಬಲ ಸಾಲದವರು ದುಃಖದಿಂದ ಮಾಡದಂತೆ ಅವರಿಗೆ ಸಹಾಯಕರನ್ನು ಕೊಡಬೇಕು. ವಾರ ಮುಗಿಸುವವನು ಒರೆಸುವ ಬಟ್ಟೆಗಳನ್ನೆಲ್ಲ ಒಗೆದಿಡಬೇಕು, ಅವನೂ ಮುಂದಿನ ವಾರಕ್ಕೆ ಬರುವವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಬಳಿಕ ಭಾನುವಾರ ಇಬ್ಬರಿಗಾಗಿಯೂ ಎಲ್ಲರೆದುರು ಪ್ರಾರ್ಥನೆ ನಡೆಯುತ್ತದೆ. ಅಲ್ಲಿ ಸೇವೆಯು ಮರೆಯಾಗಿಯೂ ಇಲ್ಲ, ಒಬ್ಬರ ಕೀರ್ತಿಯಾಗಿಯೂ ಇಲ್ಲ, ಏಕೆಂದರೆ ಇಂದು ಯಾರಿಗಾಗಿ ಪ್ರಾರ್ಥಿಸುತ್ತಾರೋ ಅವರೇ ಮುಂದಿನ ವಾರ ಪ್ರಾರ್ಥಿಸುವವರ ಸಾಲಿನಲ್ಲಿ ನಿಂತಿರುತ್ತಾರೆ. ಅದೇ ನಿಯಮಾವಳಿಯ 57ನೆಯ ಅಧ್ಯಾಯದಲ್ಲಿ, ತನ್ನ ಕೈಕೆಲಸದಿಂದ ಮಠಕ್ಕೆ ಲಾಭವಾಗುತ್ತಿದೆ ಎಂದು ಉಬ್ಬಿದ ಕುಶಲಕರ್ಮಿಯನ್ನು ಆ ಕೆಲಸದಿಂದಲೇ ಬಿಡಿಸಬೇಕು ಎಂಬ ಕಠಿಣ ಆಜ್ಞೆಯಿದೆ. ಮಠಕ್ಕೆ ಆಗುವ ನಷ್ಟಕ್ಕಿಂತ ಅವನ ಆತ್ಮದ ಕ್ಷೇಮ ದೊಡ್ಡದೆಂದು ಬೆನೆಡಿಕ್ಟನು ಬಗೆದನು. ಇಂದು ಎಷ್ಟು ಸಭೆಗಳು ತಮ್ಮ ಅತ್ಯುತ್ತಮ ಗಾಯಕನ ವಿಷಯದಲ್ಲಿ ಹೀಗೆ ಮಾಡಲು ಧೈರ್ಯ ಮಾಡಿಯಾವು?

ಇನ್ನೊಂದು ಮಾತು. ನಿಮ್ಮ ಉದ್ದೇಶ ಶುದ್ಧವೇ ಎಂದು ಹಗಲಿರುಳು ನಿಮ್ಮನ್ನೇ ಕೆದಕಿಕೊಳ್ಳುತ್ತಾ ಕೂರಬೇಡಿ. ನಾನು ನನ್ನನ್ನೂ ವಿಚಾರಿಸಿಕೊಳ್ಳುವುದಿಲ್ಲ, ನನ್ನನ್ನು ವಿಚಾರಿಸುವವನು ಕರ್ತನೇ ಎಂದು ಪೌಲನು ಕೊರಿಂಥದವರಿಗೆ ಬರೆದನು; ಆಗ ಪ್ರತಿಯೊಬ್ಬನಿಗೆ ಬರತಕ್ಕ ಹೊಗಳಿಕೆ ದೇವರಿಂದಲೇ ಬರುವುದು ಎಂದೂ ಸೇರಿಸಿದನು (1 ಕೊರಿಂಥ 4:3-5). ಉದ್ದೇಶ ಪೂರ್ತಿ ಶುದ್ಧವಾಗುವ ತನಕ ಕಾಯುತ್ತಾ ಕುಳಿತರೆ ಹಸಿದವನು ಹಸಿದೇ ಇರುತ್ತಾನೆ.

ಉತ್ತರ 3: ಶುಶ್ರೂಷಕಿ

ಅಯ್ಯನವರ ಮಾತುಗಳನ್ನು ಗೌರವದಿಂದ ಓದಿದೆನು. ಆದರೆ ಈ ಚರ್ಚೆಯಲ್ಲಿ ಸೇವೆ ಮಾಡುವವರು ತಮ್ಮ ಹೃದಯವನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬುದರ ಬಗ್ಗೆಯೇ ಮಾತು ನಡೆದಿದೆ, ಸೇವೆ ಪಡೆಯುವ ಸಭೆಯ ಕರ್ತವ್ಯವೇನು ಎಂಬುದು ಬಹುಮಟ್ಟಿಗೆ ಬಿಟ್ಟುಹೋಗಿದೆ. ಇವೆರಡೂ ಬೇರೆಬೇರೆ ಪ್ರಶ್ನೆಗಳು. ಹೊಗಳಿಕೆಯನ್ನು ಹುಡುಕಬೇಡ ಎಂಬುದು ಸೇವಕನಿಗೆ ಕೊಟ್ಟ ಆಜ್ಞೆ. ಕೃತಜ್ಞತೆ ಹೇಳದಿರಲು ಅದು ಸಭೆಗೆ ಕೊಟ್ಟ ಅನುಮತಿಯಲ್ಲ.

ಲೂಕ 17ನೆಯ ಅಧ್ಯಾಯವನ್ನು ಎಡೆಬಿಡದೆ ಓದಿ ನೋಡಿ. ಹೇಳಿದ್ದೆಲ್ಲವನ್ನೂ ಮಾಡಿದ ಮೇಲೆ, ನಾವು ಪ್ರಯೋಜನವಿಲ್ಲದ ಆಳುಗಳು, ಮಾಡಬೇಕಾದದ್ದನ್ನೇ ಮಾಡಿದ್ದೇವೆ ಎಂದು ಹೇಳಿಕೊಳ್ಳಿರಿ ಎಂಬ ಮಾತು ಹತ್ತನೆಯ ವಚನದಲ್ಲಿದೆ. ಅದನ್ನು ಯೇಸು ಹೇಳಿದ್ದು ಅಪೊಸ್ತಲರಿಗೆ, ಅಂದರೆ ಮುಂದೆ ಸಭೆಯನ್ನು ನಡೆಸಬೇಕಾದವರಿಗೆ. ಮತ್ತು ಅದು ನಮ್ಮನ್ನು ನಾವೇ ಕುರಿತು ಹೇಳಿಕೊಳ್ಳಬೇಕಾದ ಮಾತು. ನೀವು ಪ್ರಯೋಜನವಿಲ್ಲದವರು ಎಂದು ಇನ್ನೊಬ್ಬರಿಗೆ ಹೇಳುವ ಅಧಿಕಾರ ಅದರಲ್ಲಿ ಯಾರಿಗೂ ಇಲ್ಲ. ಮರುವಚನದಿಂದಲೇ ಹತ್ತು ಮಂದಿ ಕುಷ್ಠರೋಗಿಗಳ ಸಂಗತಿ ಆರಂಭವಾಗುತ್ತದೆ. ವಾಸಿಯಾದ ಹತ್ತು ಮಂದಿಯಲ್ಲಿ ಸಮಾರ್ಯದವನೊಬ್ಬನೇ ತಿರುಗಿ ಬಂದಾಗ, ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದನು. ಕೃತಜ್ಞತೆಗಾಗಿ ಕಾಯಬೇಡಿ ಎಂದು ಕಲಿಸಿದವನೇ ಕೃತಜ್ಞತೆ ಇಲ್ಲದಿರುವುದನ್ನು ಗಮನಿಸಿ ಪ್ರಶ್ನಿಸಿದನು. ಈ ಎರಡು ಸಂಗತಿಗಳು ಒಂದರ ಪಕ್ಕದಲ್ಲಿ ಇನ್ನೊಂದು ಇರುವುದು ನನಗೆ ಯಾವಾಗಲೂ ಅರ್ಥಗರ್ಭಿತವಾಗಿ ಕಂಡಿದೆ.

ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ದೀನತೆಯ ವಿಷಯದಲ್ಲಿ ನಾವೆಲ್ಲರೂ ಉದ್ಧರಿಸುತ್ತೇವೆ. ಒಣಹೆಮ್ಮೆಯಿಂದ ಯಾವುದನ್ನೂ ಮಾಡಬೇಡಿ, ಕ್ರಿಸ್ತನು ದಾಸನ ರೂಪವನ್ನು ಧರಿಸಿಕೊಂಡು ತನ್ನನ್ನು ಬರಿದುಮಾಡಿಕೊಂಡನು ಎಂಬ ಆ ಭವ್ಯವಾದ ಭಾಗ ಅಲ್ಲಿಯೇ ಇದೆ. ಆದರೆ ಉಪದೇಶಗಳು ಸಾಮಾನ್ಯವಾಗಿ ಹನ್ನೊಂದನೆಯ ವಚನಕ್ಕೆ ನಿಂತುಬಿಡುತ್ತವೆ. ಅದೇ ಅಧ್ಯಾಯದ ಕೊನೆಯಲ್ಲಿ ಪೌಲನು ಎಪಫ್ರೊದೀತನ ಹೆಸರನ್ನು ಹೇಳಿ, ಅವನು ಕಾಯಿಲೆಯಿಂದ ಸಾಯುವ ಹಾಗಿದ್ದನೆಂದೂ ಕ್ರಿಸ್ತನ ಕೆಲಸಕ್ಕಾಗಿ ಪ್ರಾಣವನ್ನೇ ಅಪಾಯಕ್ಕೆ ಒಡ್ಡಿದನೆಂದೂ ವಿವರಿಸಿ, ಅಂಥವರನ್ನು ಗೌರವಿಸಿರಿ ಎಂದು ಆಜ್ಞಾಪಿಸುತ್ತಾನೆ. ಈ ಪತ್ರವನ್ನು ಸಭೆಯ ಮುಂದೆ ಗಟ್ಟಿಯಾಗಿ ಓದುತ್ತಿದ್ದರೆಂಬುದನ್ನು ಮರೆಯಬೇಡಿ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲನು 20ಕ್ಕೂ ಹೆಚ್ಚು ಮಂದಿಯನ್ನು ಹೆಸರಿಸುತ್ತಾನೆ. ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆ ಅನೇಕರಿಗೆ ಸಹಾಯ ಮಾಡಿದವಳು. ಮರಿಯ, ತ್ರುಫೈನ, ತ್ರುಫೋಸ, ಪೆರ್ಸೀಸ ಎಂಬ ನಾಲ್ವರು ಹೆಂಗಸರ ಬಗ್ಗೆ ಅವನು ಹೇಳುವುದು ಒಂದೇ ಮಾತು, ಅವರು ಪ್ರಯಾಸಪಟ್ಟರು ಎಂದು. ಏನು ಮಾಡಿದರೆಂಬ ವಿವರವಿಲ್ಲ, ಬಿರುದುಗಳಿಲ್ಲ. ಪ್ರಯಾಸಪಟ್ಟರು ಎಂಬುದನ್ನು ಕಂಡವನೊಬ್ಬನು ಬರೆದಿಟ್ಟನು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸೇವೆ ಕಣ್ಣಿಗೆ ಬೀಳದಿರುವಲ್ಲಿ ಅದು ಯಾವಾಗಲೂ ಕೆಲವೇ ಜನರ ಹೆಗಲ ಮೇಲೆ ಬೀಳುತ್ತದೆ, ಅವರು ಹೆಚ್ಚಾಗಿ ಇಲ್ಲವೆನ್ನಲು ಬಾರದವರಾಗಿರುತ್ತಾರೆ. ಯಾರು ಗುಡಿಸುತ್ತಾರೆಂದು ತಿಳಿಯದ ಸಭೆಗೆ, ಗುಡಿಸುವವರಿಗೆ ಬೆನ್ನುನೋವು ಬಂದಿದೆಯೆಂಬುದೂ ತಿಳಿಯುವುದಿಲ್ಲ. ಆಮೇಲೆ ಅವರು ದಣಿವನ್ನು ಹೇಳಿಕೊಂಡಾಗ ದೀನತೆಯ ವಚನವನ್ನು ಅವರ ಮುಂದಿಡುವುದು ಕ್ರೂರತನ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ, ದಿನದಿನದ ಹಂಚುವಿಕೆಯಲ್ಲಿ ತಮ್ಮ ವಿಧವೆಯರನ್ನು ಅಲಕ್ಷಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವ ಯೆಹೂದ್ಯರು ದೂರು ಹೇಳಿದಾಗ, ತಾಳ್ಮೆಯಿಂದಿರಿ ಎಂದು ಅಪೊಸ್ತಲರು ಉಪದೇಶಿಸಲಿಲ್ಲ. ಅವರ ಮಾತಿನಂತೆ ಸಭೆಯು ಏಳು ಮಂದಿಯನ್ನು ಆರಿಸಿ, ಹೆಸರಿಸಿ, ಅಪೊಸ್ತಲರ ಮುಂದೆ ನಿಲ್ಲಿಸಿತು, ಅಪೊಸ್ತಲರು ಅವರ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸಿದರು. ಊಟ ಬಡಿಸುವ ಕೆಲಸಕ್ಕೆ!

ಆದುದರಿಂದ ಸಮಿತಿಯವರಿಗೆ ನನ್ನ ಸಲಹೆ ಇಷ್ಟು: ಹೆಸರುಗಳನ್ನು ಓದಿರಿ, ಆದರೆ ಒಬ್ಬರನ್ನೂ ಬಿಡದೆ, ಯಾರ ಕೆಲಸವನ್ನೂ ಇನ್ನೊಬ್ಬರದ್ದಕ್ಕೆ ಹೋಲಿಸದೆ, ಬಹುಮಾನವಾಗಿ ಅಲ್ಲದೆ ಪ್ರಾರ್ಥನೆಯಾಗಿ ಓದಿರಿ. ತಮ್ಮ ಹೆಸರು ಬೇಡವೆಂದು ಯಾರಾದರೂ ಮೊದಲೇ ಕೇಳಿಕೊಂಡರೆ ಅವರನ್ನು ಒತ್ತಾಯಿಸದೆ ಬಿಟ್ಟುಬಿಡಿ. ಕೊಟ್ಟ ಹಣದ ಮೊತ್ತವನ್ನು ಮಾತ್ರ ಎಂದಿಗೂ ಓದಬೇಡಿ. ಎರಡು ಕಾಸು ಹಾಕಿದ ಬಡ ವಿಧವೆಯೇ ಎಲ್ಲರಿಗಿಂತ ಹೆಚ್ಚು ಹಾಕಿದಳೆಂದು ಯೇಸು ಹೇಳಿದ ಬಳಿಕ (ಮಾರ್ಕ 12:41-44) ಮೊತ್ತ ಓದುವುದಕ್ಕೆ ಸಭೆಯಲ್ಲಿ ಅರ್ಥವೇ ಉಳಿದಿಲ್ಲ. ಹೆಸರು ಓದಿದ ಮರುವಾರವೇ ಕೆಲಸಗಳ ಪಟ್ಟಿಯನ್ನು ಮುಂದಿಟ್ಟು, ಒಂದೇ ಹೆಸರು ಎಷ್ಟು ಕಡೆ ಬಂದಿದೆಯೆಂದು ನೋಡಿ, ಆ ಭಾರವನ್ನು ಹಂಚಿರಿ. ಕೃತಜ್ಞತೆ ನಿಜವಾದದ್ದೇ ಎಂಬುದು ಅಲ್ಲಿ ತಿಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ಸಮಿತಿಯವರೊಂದಿಗೆ ಹಂಚಿಕೊಳ್ಳುತ್ತೇನೆ. ಓದುವಾಗ ಮತ್ತೊಂದು ಸಂದೇಹ ಹುಟ್ಟಿತು. ಬದುಕೆಲ್ಲ ಇತರರ ಸೇವೆ ಮಾಡಿದ ಹಿರಿಯರೊಬ್ಬರು ಈಗ ಹಾಸಿಗೆ ಹಿಡಿದಿದ್ದಾರೆ. ಸಭೆಯವರು ಸಹಾಯಕ್ಕೆ ಹೋದರೆ ಅವರು ಒಪ್ಪುವುದಿಲ್ಲ. ನಾನು ಸೇವೆ ಮಾಡಲು ಕರೆಯಲ್ಪಟ್ಟವನೇ ಹೊರತು ಮಾಡಿಸಿಕೊಳ್ಳಲು ಅಲ್ಲ ಎನ್ನುತ್ತಾರೆ. ಅವರ ಮಾತಿನಲ್ಲಿ ಕರ್ತನ ಮಾತಿನ ಪ್ರತಿಧ್ವನಿಯೇ ಇರುವಾಗ (ಮಾರ್ಕ 10:45) ನಾವು ಏನು ಹೇಳಬೇಕು? ಇದು ದೀನತೆಯೇ?

ಉತ್ತರ 4: ನಿವೃತ್ತ ಸಭಾಪಾಲಕರು

ಆ ಹಿರಿಯರ ಮನಸ್ಸನ್ನು ನಾವು ಇಲ್ಲಿಂದ ತೀರ್ಪು ಮಾಡಲಾರೆವು, ಮಾಡಲೂಬಾರದು. ಆದರೆ ಯೋಹಾನ 13ನೆಯ ಅಧ್ಯಾಯದಲ್ಲಿ ನೀನು ಎಂದೆಂದಿಗೂ ನನ್ನ ಕಾಲುಗಳನ್ನು ತೊಳೆಯಕೂಡದು ಎಂದು ಪೇತ್ರನು ಹೇಳಿದ್ದೂ ದೀನತೆಯ ಮಾತಿನಂತೆಯೇ ಕೇಳಿಸುತ್ತದೆ. ಗುರುವಿನ ಕೈಯಿಂದ ಕಾಲು ತೊಳೆಸಿಕೊಳ್ಳಲು ತಾನು ಯೋಗ್ಯನಲ್ಲವೆಂಬ ಭಾವ ಅದರಲ್ಲಿದೆ, ಅದು ಸುಳ್ಳೂ ಅಲ್ಲ. ಆದರೂ ಯೇಸು ಅದನ್ನು ಒಪ್ಪಲಿಲ್ಲ. ತೊಳೆಸಿಕೊಳ್ಳದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂದನು. ಸೇವೆ ಮಾಡಿರಿ ಎಂಬ ಆಜ್ಞೆ ಆ ಅಧ್ಯಾಯದಲ್ಲಿ ಬರುವುದು 14ನೆಯ ವಚನದಲ್ಲಿ, ಶಿಷ್ಯರೆಲ್ಲರೂ ತೊಳೆಸಿಕೊಂಡ ಮೇಲೆ.

ಸೇವೆ ಮಾಡಿಸಿಕೊಳ್ಳುವುದಕ್ಕೆ ಬರಲಿಲ್ಲ ಎಂದ ಕರ್ತನು ಇತರರ ಕೈಯಿಂದ ಎಷ್ಟೊಂದು ಸ್ವೀಕರಿಸಿದನೆಂಬುದನ್ನೂ ನೋಡಿ. ಮಗ್ದಲದ ಮರಿಯಳು, ಯೋಹಾನ್ನಳು, ಸುಸನ್ನಳು ಮುಂತಾದವರು ತಮ್ಮ ಆಸ್ತಿಯಿಂದ ಅವನಿಗೂ ಶಿಷ್ಯರಿಗೂ ಉಪಚಾರ ಮಾಡುತ್ತಿದ್ದರು (ಲೂಕ 8:2-3). ಸಮಾರ್ಯದ ಹೆಂಗಸಿನೊಂದಿಗೆ ಅವನ ಮಾತು ಆರಂಭವಾದದ್ದು ಕುಡಿಯಲು ನೀರು ಕೊಡು ಎಂಬ ಬೇಡಿಕೆಯಿಂದ. ಶಿಲುಬೆಯನ್ನು ಹೊರಲು ಕುರೇನ್ಯದ ಸೀಮೋನನ ಹೆಗಲು ಬೇಕಾಯಿತು. ಕೊಡುವವನು ಯಾವಾಗಲೂ ಒಂದು ಮೆಟ್ಟಿಲು ಮೇಲೆ ನಿಂತಿರುತ್ತಾನೆ, ತಾನು ಬಯಸದಿದ್ದರೂ. ಆ ಮೆಟ್ಟಿಲಿನಿಂದ ಇಳಿಯುವುದು ಬಹಳ ವರ್ಷ ಕೊಟ್ಟವರಿಗೆ ಎಲ್ಲಕ್ಕಿಂತ ಕಷ್ಟ, ಬಹುಶಃ ಅವರ ದೀನತೆಗೆ ಉಳಿದಿರುವ ಕೊನೆಯ ಪಾಠವೂ ಅದೇ.

ಉತ್ತರ 5: ಶುಶ್ರೂಷಕಿ

ಅಯ್ಯನವರು ಹೇಳಿದ್ದು ಸತ್ಯ, ಆದರೆ ದಯವಿಟ್ಟು ಯಾರೂ ಆ ಹಿರಿಯರ ಹಾಸಿಗೆಯ ಬಳಿ ಕುಳಿತು ಯೋಹಾನ 13ರ ಉಪದೇಶ ಮಾಡಬೇಡಿ. ದೇಹದ ಬಲ ಕಳೆದುಕೊಂಡವರಿಗೆ ತಮ್ಮ ದೇಹದ ಮೇಲಿನ ಅಧಿಕಾರವೂ ಹೋಗುತ್ತಿದೆಯೆಂಬ ಭಯವಿರುತ್ತದೆ. ಅವರು ಬೇಡ ಎನ್ನುವುದು ಎಷ್ಟೋ ಸಲ ಆ ಭಯದಿಂದ, ಗರ್ವದಿಂದ ಅಲ್ಲ. ಗುಂಪಾಗಿ ಹೋಗಬೇಡಿ. ಅವರಿಗೆ ವಿಶ್ವಾಸವಿರುವ ಒಬ್ಬರೇ ಹೋಗಲಿ, ಸಾಧ್ಯವಾದರೆ ಹಿಂದೆ ಅವರಿಂದ ಸೇವೆ ಪಡೆದವರೇ ಹೋಗಲಿ. ಮೊದಲು ಅವರಿಂದ ಏನಾದರೂ ಕೇಳಿಕೊಳ್ಳಿ: ಸಭೆಯ ರೋಗಿಗಳ ಹೆಸರುಗಳನ್ನು ಕೊಟ್ಟು ಪ್ರತಿದಿನ ಅವರಿಗಾಗಿ ಪ್ರಾರ್ಥಿಸುವಂತೆ ಕೇಳಬಹುದು, ಕಿರಿಯರಿಗೆ ಸೇವೆಯ ವಿಷಯದಲ್ಲಿ ಬುದ್ಧಿಮಾತು ಹೇಳುವಂತೆ ಕೇಳಬಹುದು. ಅದು ಕೆಲಸ ಸಾಧಿಸುವ ಉಪಾಯವಾಗದೆ ನಿಜವಾದ ಬೇಡಿಕೆಯಾಗಿರಲಿ, ಏಕೆಂದರೆ ಅವರ ಪ್ರಾರ್ಥನೆ ಸಭೆಗೆ ನಿಜವಾಗಿಯೂ ಬೇಕಾಗಿದೆ. ಬಳಿಕ ಒಂದು ಚಿಕ್ಕ ಕೆಲಸಕ್ಕೆ, ಹಾಸಿಗೆಯ ಹೊದಿಕೆ ಬದಲಿಸುವಂಥದಕ್ಕೆ, ಅವರ ಅನುಮತಿ ಕೇಳಿ. ಬೇಡವೆಂದರೆ ಅಂದಿಗೆ ಬಿಟ್ಟುಬಿಡಿ, ಇನ್ನೊಂದು ದಿನ ಮತ್ತೆ ಕೇಳಿ. ಒಪ್ಪಿದರೆ ಆ ಕೆಲಸವನ್ನಷ್ಟೇ ಮಾಡಿ ಬನ್ನಿ, ಮತ್ತು ಅದರ ವಿಷಯವನ್ನು ಸಭೆಯಲ್ಲಿ ಯಾರಿಗೂ ಹೇಳಬೇಡಿ.